ಬಟ್ಟೆ ಗಾಡಿಯ ದಾರಿ

ಜನವರಿ 12

ಮರೀ,

ಫೋನಿನಲ್ಲಿ ನೀನು ಹೇಳುವುದು ನನಗೆ ಅರ್ಧ ಕೇಳಿಸುತ್ತದೆ. ಉಳಿದರ್ಧವನ್ನು ನಿನ್ನ ಅಕ್ಕ ತನಗೆ ತೋಚಿದ ಹಾಗೆ ತುಂಬಿಸಿ ಹೇಳುತ್ತಾಳೆ. ಅದಕ್ಕೇ ಈ ಕಾಗದ.

ನಿಮ್ಮ ಆಸ್ಪತ್ರೆಗೆ ಈ ವರ್ಷ ನೂರು ತುಂಬುತ್ತದಲ್ಲ, ನಗರಸಭೆಯವರು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಕಟ್ಟಡಗಳ ಅಧ್ಯಾಯವನ್ನು ನಾನು ಬರೆಯಬೇಕಂತೆ. ಇಂಜಿನಿಯರ್ ಕೆಲಸದಿಂದ ನಿವೃತ್ತಿಯಾದ ಮೇಲೆ ಆ ಕಚೇರಿಯಿಂದ ಬಂದ ಮೊದಲ ಒಳ್ಳೆಯ ಮಾತು ಇದು. ಕಾಗದ ಕೈಗೆ ಬಂದ ದಿನ ಅಕ್ಕನ ಹೊಲಿಗೆ ಅಂಗಡಿಗೆ ಇಳಿದು ಹೋಗಿ, ಬಟ್ಟೆ ಅಳತೆ ಕೊಡಲು ಬಂದವರಿಗೆಲ್ಲ ಹೇಳಿದೆ. ಅವಳು ಹಲ್ಲಲ್ಲಿ ದಾರ ಕಚ್ಚಿಕೊಂಡೇ, "ಅಪ್ಪಾ, ಗಿರಾಕಿ ಓಡಿಸಬೇಡಿ" ಎಂದಳು.

ಹಳೆಯ ಕಟ್ಟಡಗಳ ಬಗ್ಗೆ ಬರೆದು ಮುಗಿಸಿದ್ದೇನೆ. ವಿಷಮಜ್ವರ ಊರನ್ನು ಖಾಲಿ ಮಾಡಿದ ಮಾರನೆಯ ವರ್ಷ ಕಟ್ಟಿದ್ದು ಅವು. ಒಂದು ವಾರ್ಡಿನ ಗಾಳಿ ಇನ್ನೊಂದಕ್ಕೆ ಹೋಗಬಾರದೆಂದು ನಾಲ್ಕು ಕಟ್ಟಡಗಳನ್ನು ದೂರ ದೂರ ನಿಲ್ಲಿಸಿದರು. ಎದುರುಬದುರು ಕಿಟಕಿ, ಸೂರಿನ ಕೆಳಗೆ ಹಗ್ಗ ಎಳೆದು ತೆರೆಯುವ ಗಾಳಿಕಿಂಡಿ, ಮಂಚವನ್ನೇ ಬಿಸಿಲಿಗೆ ತಳ್ಳಿ ನಿಲ್ಲಿಸುವಷ್ಟು ಅಗಲದ ಜಗಲಿ. ಗೋಡೆ ನೆಲವನ್ನು ಸೇರುವ ಕಡೆ ಮೂಲೆಯೇ ಇಲ್ಲ, ದೂಳು ಕೂರದಂತೆ ಗಾರೆಯನ್ನು ಬಟ್ಟಲಿನ ಹಾಗೆ ಬಳಿದಿದ್ದಾರೆ. ಔಷಧಿ ಹೆಚ್ಚಿಲ್ಲದ ಕಾಲ. ಕಟ್ಟಡವೇ ಔಷಧಿಯ ಕೆಲಸ ಮಾಡಬೇಕಿತ್ತು.

ಇನ್ನು ನನ್ನ ಹೊಸ ಕಟ್ಟಡ. ಹೊಸದು ಎಂದರೂ ನೀನು ಶಾಲೆಗೆ ಹೋಗುವಾಗಿನದು. ಕರೆಂಟು ಹೋದರೆ ಲಿಫ್ಟು ನಿಲ್ಲುತ್ತದೆ, ಅದಕ್ಕೆ ಮೂರು ಮಹಡಿಗೂ ಒಂದೇ ಇಳಿಜಾರು ಕೊಟ್ಟೆ. ನಕ್ಷೆಯಲ್ಲಿ ನಾಲ್ಕು ಬಣ್ಣದ ಬಾಣ ಎಳೆದಿದ್ದೆ: ರೋಗಿಗಳಿಗೆ ಕೆಂಪು, ನಿಮಗೂ ಡಾಕ್ಟರಿಗೂ ನೀಲಿ, ಊಟಕ್ಕೆ ಹಸಿರು, ಕೊಳೆಬಟ್ಟೆಗೆ ಕಂದು. ಎಲ್ಲಕ್ಕಿಂತ ಹೆಚ್ಚು ಬಟ್ಟೆ ಬೀಳುವುದು ಹೆರಿಗೆ ವಾರ್ಡಿನಲ್ಲಿ. ಆದ್ದರಿಂದ ಬಟ್ಟೆ ಗಾಡಿ ಇಳಿಜಾರು ಇಳಿದು, ಹೆರಿಗೆ ವಾರ್ಡಿನ ಹಜಾರ ಹಾದು, ಹಿತ್ತಲಿನ ಒಗೆಯುವ ಶೆಡ್ಡಿಗೆ ನೇರ ಹೋಗುತ್ತದೆ.

ಅಲ್ಲಿ ಕೆಲಸ ಮಾಡುವವಳು ನೀನು, ನನಗೆ ವರದಿ ಬೇಕು. ಕಿಂಡಿಗಳು ತೆರೆಯುತ್ತವೆಯೇ? ಬಟ್ಟಲು ಮೂಲೆ ಉಳಿದಿದೆಯೇ? ಜಗಲಿಗೆ ಜಾಲರಿ ಹೊಡೆದಿದ್ದಾರೆಯೇ? ಇಳಿಜಾರು ಹೇಗೆ ನಡೆಯುತ್ತಿದೆ? ಶತಮಾನೋತ್ಸವದ ಸಮಾರಂಭದ ದಿನ ಅತಿಥಿಗಳನ್ನು ನಾನೇ ಇಳಿಜಾರಿನಲ್ಲಿ ಕರೆದುಕೊಂಡು ಹೋಗಬೇಕೆಂದು ಸಂಚಿಕೆ ಸಮಿತಿಯ ಕಾರ್ಯದರ್ಶಿ ಕೇಳಿದ್ದಾರೆ.

ನಿನ್ನ ಹೆಡ್ ಸಿಸ್ಟರಿಗೆ ನನ್ನ ನಮಸ್ಕಾರ ತಿಳಿಸು. ಕಟ್ಟಿದವನ ಮಗಳೆಂದು ನಿನ್ನನ್ನು ಸ್ವಲ್ಪ ಚೆನ್ನಾಗಿ ನೋಡಿಕೊಳ್ಳುತ್ತಿರಬೇಕು.

ನಿನ್ನ ಅಪ್ಪ


ಫೆಬ್ರವರಿ 3

ಅಪ್ಪ,

ಉತ್ತರ ತಡವಾಯಿತು. ಇಬ್ಬರು ಸಿಸ್ಟರುಗಳು ರಜೆಯಲ್ಲಿದ್ದಾರೆ, ಡ್ಯೂಟಿ ಮೇಲೆ ಡ್ಯೂಟಿ.

ಗಾಳಿಕಿಂಡಿಗಳ ಹಗ್ಗ ಹೋಗಿ ಎಷ್ಟೋ ಕಾಲವಾಗಿದೆ. ತೆರೆದದ್ದು ತೆರೆದೇ ಇದೆ, ಮುಚ್ಚಿದ್ದು ಮುಚ್ಚಿಯೇ ಇದೆ. ಪಾರಿವಾಳಗಳಿಗೆ ಅನುಕೂಲ. ಬಟ್ಟಲು ಮೂಲೆಗಳು ಗಟ್ಟಿಯಾಗಿವೆ. ನಮ್ಮ ಆಯಾ ಹಳೇ ವಾರ್ಡಿನಲ್ಲಿ ಕಸ ಗುಡಿಸುವಾಗ, "ಇದನ್ನ ಕಟ್ಟಿದವನು ಹೆಂಡತಿ ಕೈಲಿ ಪೊರಕೆ ಕಂಡಿದ್ದ" ಅನ್ನುತ್ತಾಳೆ. ನಿಮ್ಮ ಅಧ್ಯಾಯಕ್ಕೆ ಬೇಕಾದರೆ ಹಾಕಿಕೊಳ್ಳಿ. ಜಗಲಿಗೆ ಜಾಲರಿ ಬಂದಿದೆ, ಒಳಗೆ ಮುರಿದ ಮಂಚಗಳನ್ನು ಪೇರಿಸಿಟ್ಟಿದ್ದಾರೆ.

ಸಮಾರಂಭಕ್ಕೆ ನೀವು ಬರಲೇಬೇಕೆಂದಿಲ್ಲ, ಅಪ್ಪ. ಆಗ ಬಿಸಿಲು ಜೋರು. ಭಾಷಣಗಳು ಉದ್ದ. ಕಾರ್ಯದರ್ಶಿಗೆ ಮಂಡಿ ನೋವೆಂದು ಬರೆದುಬಿಡಿ. ಅಕ್ಕನಿಗೂ ನಿಮ್ಮನ್ನು ಒಬ್ಬರನ್ನೇ ಕಳಿಸಲು ಧೈರ್ಯವಿಲ್ಲ.

ನಿಮ್ಮ ಮಗಳು


ಫೆಬ್ರವರಿ 11

ಮರೀ,

ಅಕ್ಕನನ್ನು ಕೇಳಿದೆ. "ನನ್ನ ಹೆಸರು ಯಾಕೆ ಎಳೀತಾಳೆ? ಕಳಿಸೋಕೆ ನಾನು ಕಾಯ್ತಾ ಇದ್ದೀನಿ, ಎರಡು ದಿನ ಅಂಗಡಿ ತಣ್ಣಗಿರುತ್ತೆ" ಎಂದಳು. ನನ್ನ ಮಂಡಿಯೂ ಚೆನ್ನಾಗಿದೆ.

ಕಿಂಡಿ, ಮೂಲೆ, ಜಗಲಿ ಎಲ್ಲವನ್ನೂ ಬರೆದಿದ್ದೀಯ. ಇಳಿಜಾರನ್ನು ಮರೆತಿದ್ದೀಯ. ನಾನು ಮುಖ್ಯವಾಗಿ ಕೇಳಿದ್ದೇ ಅದನ್ನು.

ಅದರ ಬಗ್ಗೆ ನಿನಗೆ ಹೇಳಿರದ ಒಂದು ಮಾತಿದೆ. ಹೆರಿಗೆ ವಾರ್ಡು ಮೊದಲು ಹಳೆಯ ಕಟ್ಟಡದ ಮಹಡಿಯಲ್ಲಿತ್ತು. ನೋವು ಶುರುವಾದ ಹೆಂಗಸರೂ ಮೆಟ್ಟಿಲು ಹತ್ತಬೇಕು. ನೀನು ಹುಟ್ಟುವ ದಿನ ನಿನ್ನ ಅಮ್ಮ ಮೆಟ್ಟಿಲ ಕಂಬಿ ಹಿಡಿದುಕೊಂಡು ಹತ್ತಿದಳು, ನಾನು ಹಿಂದೆ ಚೀಲ ಹಿಡಿದು ನಿಂತಿದ್ದೆ. ನಡುವೆ ಒಂದು ಕಡೆ ಕೂತುಬಿಟ್ಟಳು. "ಇಂಜಿನಿಯರ್ ಸಾಹೇಬರೇ, ಇದನ್ನ ಕಟ್ಟಿದೋನು ಸಿಕ್ಕಿದ್ರೆ ನನ್ನ ಹತ್ರ ಕರ್ಕೊಂಡು ಬನ್ನಿ" ಎಂದಳು. ಹೊಸ ಕಟ್ಟಡದ ಕೆಲಸ ನನಗೆ ಬಂದಾಗ ಕಾಗದದ ಮೇಲೆ ಮೊದಲು ಎಳೆದದ್ದು ನೆಲಮಟ್ಟದ ಹೆರಿಗೆ ವಾರ್ಡನ್ನು. ಉಳಿದ ಕಟ್ಟಡ ಅದರ ಸುತ್ತ ಬೆಳೆಯಿತು.

ಅಧ್ಯಾಯದಲ್ಲಿ ಇದನ್ನು ಬರೆಯುವುದಿಲ್ಲ. ಮನೆಯ ಮಾತು. ಆದರೆ ಇಳಿಜಾರು ಹೇಗಿದೆ ಎಂದು ನೀನು ಹೇಳಬೇಕು.

ಅಪ್ಪ


ಫೆಬ್ರವರಿ 24

ಅಪ್ಪ,

ಇಳಿಜಾರು ಚೆನ್ನಾಗಿದೆ. ಗಾಲಿ ಮಂಚ ಸರಾಗವಾಗಿ ಇಳಿಯುತ್ತದೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಲಿಫ್ಟು ಕೆಟ್ಟು ಎಷ್ಟು ದಿನವಾದರೂ ಕೆಲಸ ನಿಂತಿಲ್ಲ.

ಬಟ್ಟೆ ಗಾಡಿಯ ದಾರಿಯ ವಿಷಯ ಮಾತ್ರ ಅಧ್ಯಾಯದಲ್ಲಿ ಬೇಡ. ಓದುವವರಿಗೆ ಅದರಲ್ಲೇನು ಆಸಕ್ತಿ? ಅತಿಥಿಗಳನ್ನು ಆ ಕಡೆ ಕರೆದುಕೊಂಡು ಹೋಗುವುದೂ ಬೇಡ. ಹೆರಿಗೆ ವಾರ್ಡಿನ ಮುಂದೆ ಗುಂಪು ಸೇರಿದರೆ ಡಾಕ್ಟರು ಸಿಡುಕುತ್ತಾರೆ. ಹಳೆಯ ಕಟ್ಟಡಗಳನ್ನೇ ತೋರಿಸಿದರೆ ಸಾಕಲ್ಲವೇ? ನೋಡಲು ಅವೇ ಚೆಂದ.

ಅಮ್ಮ ಮೆಟ್ಟಿಲ ಮೇಲೆ ಕೂತದ್ದು ನನಗೆ ಗೊತ್ತಿರಲಿಲ್ಲ.

ನಿಮ್ಮ ಮಗಳು


ಮಾರ್ಚ್ 10

ಮಗಳೇ,

ಸುರಕ್ಷಿತವಾಗಿ ಮನೆ ಸೇರಿದ್ದೇನೆ. ತಿಳಿಸದೆ ಬಂದು ನಿನ್ನ ಕೆಲಸದ ಹೊತ್ತಿನಲ್ಲಿ ತೊಂದರೆ ಕೊಟ್ಟೆ. ಅಧ್ಯಾಯಕ್ಕೆ ಒಂದೆರಡು ಅಳತೆ ಬೇಕಿತ್ತು. ಟೇಪು ಜೇಬಿನಲ್ಲೇ ಉಳಿಯಿತು.

ನೀನು ಬರುವ ಮೊದಲು ಹೆರಿಗೆ ವಾರ್ಡಿನ ಹಜಾರದ ಬೆಂಚಿನಲ್ಲಿ ಬಹಳ ಹೊತ್ತು ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು, ಒಳಗೆ ಅವಳ ಮಗಳಿಗೆ ಮೊದಲ ಹೆರಿಗೆ. ಯಾರೋ ಇಳಿಜಾರಿನ ಮೇಲಿಂದ "ಬಟ್ಟೆ ಬರ್ತಿದೆ" ಎಂದು ಕೂಗಿದರು. ಆಯಾ ಓಡಿಬಂದು ವಾರ್ಡಿನ ಬಾಗಿಲು ಎಳೆದುಕೊಂಡಳು. ಬಟ್ಟೆಗೆ ಇಷ್ಟು ಗಡಿಬಿಡಿ ಯಾಕೆ ಅಂದುಕೊಂಡೆ. ಗಾಡಿ ಬಂತು. ಮೇಲೆ ಕೊಳೆಬಟ್ಟೆಯ ರಾಶಿ. ಹಿಂದೆ ಒಬ್ಬ ಮನುಷ್ಯ ಬಾಯಿಗೆ ಟವೆಲು ಒತ್ತಿಕೊಂಡು ನಡೆಯುತ್ತಿದ್ದ.

ಪಕ್ಕದ ಹೆಂಗಸು ನನ್ನನ್ನು ಕೇಳಿದಳು: "ಯಜಮಾನ್ರೇ, ಬಟ್ಟೆ ಗಾಡಿ ಹಿಂದೆ ಆಯಪ್ಪ ಯಾಕೆ ಅಳ್ತಾ ಹೋಗ್ತಾನೆ?"

ಕೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಗೊತ್ತಾಯಿತು. ಆಮೇಲೆ ನನಗೂ. ಅವಳು ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ತಾನು ಅಡ್ಡ ನಿಂತರೆ ಆ ಗಾಡಿಯ ನೆರಳು ಒಳಗೆ ಹೋಗುವುದಿಲ್ಲ ಅನ್ನುವಂತೆ.

ಆಗ ನೀವೆಲ್ಲ ಚಹಾ ಮುಗಿಸಿ ಬಂದಿರಿ. ನಿನ್ನ ಹೆಡ್ ಸಿಸ್ಟರ್ ಹೇಳಿದ್ದು ನನಗೆ ಪೂರ್ತಿ ಕೇಳಿಸಿತು. ಅವರ ಗಂಟಲು ದೊಡ್ಡದು. "ಇಳಿಜಾರಪ್ಪನ ಪುಣ್ಯ ಕಣ್ರೇ. ಬರೋರ್ಗೂ ಹೋಗೋರ್ಗೂ ಒಂದೇ ಗೇಟು. ಅವನ ಮನೇಲಿ ಯಾರೂ ಹೆತ್ತೇ ಇಲ್ವೋ, ಯಾರೂ ಸತ್ತೇ ಇಲ್ವೋ!" ಎಲ್ಲರೂ ನಕ್ಕರು. ನೀನೂ ನಗುತ್ತಿದ್ದೆ, ನನ್ನನ್ನು ನೋಡುವವರೆಗೆ.

"ಇಳಿಜಾರಪ್ಪ ಯಾರಮ್ಮ?" ಎಂದು ಕೇಳಿದವನು ನಾನೇ. ಕೇಳಬಾರದಿತ್ತು. "ಇದನ್ನ ಕಟ್ಟಿದ ಮಹಾರಾಯ" ಎಂದರು. ನನ್ನನ್ನು ತೋರಿಸಿ, "ಇವರು ಯಾರು, ನಿಂಗೆ ಗೊತ್ತಾ?" ಎಂದು ನಿನ್ನನ್ನು ಕೇಳಿದರು.

ನೀನು "ನಮ್ಮೂರಿನವರು" ಎಂದೆ. ಅದು ಸುಳ್ಳಲ್ಲ.

ಎರಡು ವಿಷಯ ತಿಳಿಸು. ಎಲ್ಲ ಶವಗಳನ್ನೂ ಹಾಗೆಯೇ ಒಯ್ಯುತ್ತಾರೆಯೇ? ಯಾವಾಗಿನಿಂದ?

ಅಪ್ಪ


ಮಾರ್ಚ್ 19

ಅಪ್ಪ,

ಮೂರು ಸಲ ಬರೆದು ಹರಿದೆ. ಮೊದಲು ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆ.

ಹೌದು, ಎಲ್ಲರನ್ನೂ. ಮೇಲಿನ ವಾರ್ಡುಗಳಲ್ಲಿ ಯಾರು ತೀರಿಕೊಂಡರೂ ಶವಾಗಾರಕ್ಕೆ ಹೋಗಲು ಬೇರೆ ದಾರಿಯಿಲ್ಲ. ಶವಾಗಾರ ಇರುವುದು ಒಗೆಯುವ ಶೆಡ್ಡಿನ ಪಕ್ಕ, ಆ ಕಡೆ ಹೋಗುವುದು ಬಟ್ಟೆ ಗಾಡಿಯ ದಾರಿಯೊಂದೇ. ಕಟ್ಟಡ ತೆರೆದ ಹೊಸದರಲ್ಲಿ ಸ್ಟ್ರೆಚರಿನಲ್ಲೇ ಒಯ್ಯುತ್ತಿದ್ದರಂತೆ. ಬಾಣಂತಿಯರು ಕಿರುಚಿಕೊಂಡರು, ಕೆಲವರು ಹೊಸ ಮಗು ಎತ್ತಿಕೊಂಡು ಹೇಳದೆ ಕೇಳದೆ ಮನೆಗೆ ಹೋದರು. ಆಗ ಯಾರೋ ಒಬ್ಬ ಸಿಸ್ಟರು ಈ ಉಪಾಯ ಹುಡುಕಿದರು. ಗಾಡಿಯ ತಳದಲ್ಲಿ ದೇಹ, ಮೇಲೆ ಬಟ್ಟೆ. ಈಗ ಅದು ಇಲ್ಲಿಯ ಪದ್ಧತಿ. ಹೊಸಬರು ಬಂದರೆ ಇಂಜೆಕ್ಷನ್ ಕೊಠಡಿ ತೋರಿಸಿದ ಹಾಗೆ ಇದನ್ನೂ ತೋರಿಸಿಕೊಡುತ್ತೇವೆ.

ನಾನು ವರ್ಗವಾಗಿ ಬಂದ ದಿನವೇ ನನಗೂ ತೋರಿಸಿದರು. ಜೊತೆಗೆ ಇಳಿಜಾರಪ್ಪನ ಹೆಸರನ್ನೂ ಹೇಳಿದರು. ಎಲ್ಲರೂ ನಕ್ಕಾಗ ನಾನೂ ನಕ್ಕೆ. ಹೊಸ ಜಾಗ, ಮೊದಲ ಚಹಾ. ಮಾರನೆಯ ದಿನ ಹೇಳೋಣ ಅಂದುಕೊಂಡೆ. ಮಾರನೆಯ ದಿನ, ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂದು ಹೆದರಿದೆ. ಹೀಗೆ ಮೂರು ವರ್ಷವಾಯಿತು. ನಿಮ್ಮ ನಮಸ್ಕಾರ ಹೆಡ್ ಸಿಸ್ಟರಿಗೆ ತಲುಪಿಲ್ಲ, ಅಪ್ಪ. ನಿಮ್ಮ ಒಂದು ನಮಸ್ಕಾರವೂ ತಲುಪಿಲ್ಲ.

ನಿಮ್ಮ ಕಟ್ಟಡದ ಬಗ್ಗೆ ನನಗೆ ನಾಚಿಕೆಯಾಗುತ್ತಿತ್ತು, ಅದು ನಿಜ. ಆದರೆ ಆ ದಿನದಿಂದ ನನ್ನನ್ನು ತಿನ್ನುತ್ತಿರುವುದು ಬೇರೆ. ನೀವು ಬೆಂಚಿನಿಂದ ಎದ್ದು, "ಬರ್ತೀನಮ್ಮ, ನಿಮ್ಮ ಕೆಲಸ ಕೆಟ್ಟಿತು" ಎಂದು ನನಗೆ ಬಹುವಚನ ಹಚ್ಚಿ ಹೊರಟಿರಿ. ನಾನು ಆಡಿದ ಸುಳ್ಳನ್ನು ನೀವು ಕಾಪಾಡಿದಿರಿ. ಗೇಟಿನವರೆಗೆ ಓಡಿಬರಬೇಕೆನಿಸಿತು. ಬರಲಿಲ್ಲ. ಜೊತೆಯವರು ನೋಡುತ್ತಿದ್ದರು.

ಇನ್ನೊಂದಿದೆ. ಗಾಡಿಯ ಹಿಂದೆ ಬರುವವರಿಗೆ ನಾವು ಒಂದು ಮಾತು ಹೇಳುತ್ತೇವೆ: "ಹಿತ್ತಲ ಬಾಗಿಲು ದಾಟೋವರೆಗೆ ಅಳಬೇಡಿ." ಟವೆಲು ಒತ್ತಿಕೊಂಡಿದ್ದ ಆ ಮನುಷ್ಯನಿಗೆ ಹಿಂದಿನ ರಾತ್ರಿಯ ಪಾಳಿಯವರು ಹೇಳಿಕೊಟ್ಟಿದ್ದರು. ತೀರಿಕೊಂಡಿದ್ದು ಆ ಮನುಷ್ಯನ ಹೆಂಡತಿ. ಬೇರೆ ದಿನಗಳಲ್ಲಿ ಬೇರೆಯವರಿಗೆ ನಾನೂ ಹೇಳಿದ್ದೇನೆ. ಮೆಲ್ಲಗೆ, ಹೆಗಲ ಮೇಲೆ ಕೈ ಇಟ್ಟು, ಔಷಧಿ ಯಾವಾಗ ನುಂಗಬೇಕೆಂದು ಹೇಳುವ ದನಿಯಲ್ಲಿ. ಎಲ್ಲರೂ ಕೇಳುತ್ತಾರೆ. ಒಬ್ಬರೂ ಜಗಳವಾಡಿಲ್ಲ. ಇಳಿಜಾರು ಕಟ್ಟಿದ್ದು ನೀವು, ಆದರೆ ಆ ಮಾತು ಹೇಳಲು ನಿಮ್ಮ ನಕ್ಷೆ ನನಗೆ ಹೇಳಿರಲಿಲ್ಲ.

ಕ್ಷಮಿಸಿ ಎಂದು ಬರೆಯುವ ಯೋಗ್ಯತೆ ಇನ್ನೂ ಬಂದಿಲ್ಲ.

ನಿಮ್ಮ ಮಗಳು


ಏಪ್ರಿಲ್ 6

ಮರೀ,

ಹಳೆಯ ನಕ್ಷೆಯನ್ನು ಅಕ್ಕನ ಕತ್ತರಿಸುವ ಮೇಜಿನ ಮೇಲೆ ಹರಡಿ ನೋಡಿದೆ. ಬಾಣಗಳು ಹಾಗೆಯೇ ಇವೆ. ಬರುವ ರೋಗಿಗೆ ದಾರಿ ಇದೆ, ವಾಸಿಯಾಗಿ ಹೋಗುವವನಿಗೆ ದಾರಿ ಇದೆ, ಗಂಜಿಗೂ ದಾರಿ ಇದೆ. ಸತ್ತವರಿಗೆ ಬಾಣವನ್ನೇ ಎಳೆದಿಲ್ಲ. ಕಟ್ಟುವವನು ಸಂತೋಷದಲ್ಲಿದ್ದ, ಅವನ ಕಣ್ಣಿಗೆ ಬರುವವರು ಮಾತ್ರ ಕಂಡರು. ನೂರು ವರ್ಷದ ಹಿಂದಿನವರು ಹೀಗೆ ಮಾಡಿರಲಿಲ್ಲ. ನಾಲ್ಕು ಕಟ್ಟಡಗಳ ಹಿಂದೆ, ಕಾಂಪೌಂಡಿನ ಪಕ್ಕಕ್ಕೆ, ಯಾವ ವಾರ್ಡಿನ ಕಿಟಕಿಗೂ ಕಾಣದ ಒಂದು ಕಾಲುದಾರಿ ಬಿಟ್ಟಿದ್ದರು. ಅದು ಯಾಕಿದೆಯೆಂದು ನಾನು ಯಾರನ್ನೂ ಕೇಳಲಿಲ್ಲ. ಸುಮ್ಮನೆ ಬಿದ್ದ ಜಾಗವೆಂದು ತಿಳಿದು ಅದರ ಮೇಲೆ ನನ್ನ ಕಟ್ಟಡದ ಒಂದು ಮೂಲೆ ತಂದು ನಿಲ್ಲಿಸಿದೆ.

ಅಧ್ಯಾಯದಲ್ಲಿ ಇದನ್ನೆಲ್ಲ ಬರೆದು ಕಳಿಸಿದೆ. ಕಾರ್ಯದರ್ಶಿ ಫೋನು ಮಾಡಿದರು. ಅಕ್ಕ ಕೇಳಿ ನನಗೆ ಕೂಗಿ ಹೇಳಿದಳು: "ಹಬ್ಬದ ಮನೇಲಿ ಸಾವಿನ ಸುದ್ದಿ ಯಾಕೆ ಸರ್, ಅಂತಾರೆ." ಆ ಭಾಗ ತೆಗೆದುಹಾಕಿ ಇಳಿಜಾರಿನ ಚಿತ್ರ ಹಾಕುತ್ತಾರಂತೆ. ಹಾಗಾದರೆ ನನ್ನ ಅಧ್ಯಾಯವೇ ಬೇಡ, ಇಳಿಜಾರು ತೋರಿಸಲು ನಾನು ಬರುವುದೂ ಇಲ್ಲ ಎಂದೆ. ಅವರಿಗೆ ಬೇಸರವಾಗಲಿಲ್ಲ.

ಇದರ ಜೊತೆ ಒಂದು ಹಾಳೆ ಇದೆ, ನೋಡು. ಇಳಿಜಾರು ಕೆಳಗಿನಿಂದ ಮೊದಲ ಸಲ ತಿರುಗುವ ಕಡೆ ಹೊರಗಿನ ನೆಲ ದಿಬ್ಬವಾಗಿದೆ, ಒಳಗಿನ ಮಟ್ಟಕ್ಕೇ ಬರುತ್ತದೆ. ಅಲ್ಲಿ ಗೋಡೆ ಒಡೆದು ಒಂದು ಬಾಗಿಲಿಟ್ಟರೆ ಅಡುಗೆಮನೆಯ ಹಿಂದಿನಿಂದ ನೇರ ಶವಾಗಾರಕ್ಕೆ ದಾರಿಯಾಗುತ್ತದೆ. ಮೇಲೆ ಚಾವಣಿ, ಪಕ್ಕದಲ್ಲಿ ಕೂರಲು ಒಂದು ಕಟ್ಟೆ. ಹೆರಿಗೆ ವಾರ್ಡಿನ ಕಡೆ ಹಾಯುವುದೇ ಬೇಡ. ಗೋಡೆ ಭಾರ ಹೊರುವುದಲ್ಲ, ಒಡೆದರೆ ಅಪಾಯವಿಲ್ಲ.

ನನ್ನ ಕುರ್ಚಿಯಲ್ಲಿ ಈಗಿರುವ ಇಂಜಿನಿಯರಮ್ಮನಿಗೆ ತೋರಿಸಿದೆ. ಚೆನ್ನಾಗಿದೆ ಎಂದರು. ಆದರೆ ನಿವೃತ್ತನ ಮಾತಿನ ಮೇಲೆ ಗೋಡೆ ಒಡೆಯಲಾಗದು, ಅಲ್ಲಿ ಕೆಲಸ ಮಾಡುವವರೇ ಆಸ್ಪತ್ರೆಯ ಸಭೆಯಲ್ಲಿ ಕೇಳಬೇಕಂತೆ. ನಿನ್ನ ಹೆಡ್ ಸಿಸ್ಟರ್ ಕೇಳಿದರೆ ಆಗುತ್ತದೆ. ಹಾಳೆಯನ್ನು ಅವರಿಗೆ ಕೊಡು.

ಯಾರು ಮಾಡಿದ್ದೆಂದು ಹೇಳಬೇಕಾಗಿಲ್ಲ. ಕೆಳಗಿನ ಮೂಲೆಯಲ್ಲಿ ಹೆಸರು ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನಮ್ಮೂರಿನವರೊಬ್ಬರು ಎಂದರೆ ಸಾಕು. ಕೆಲಸ ಆಗಬೇಕು, ಅಷ್ಟೇ. ಕೆಲಸದ ಜಾಗದಲ್ಲಿ ನೀನು ತಲೆ ತಗ್ಗಿಸುವಂತೆ ಆಗಬಾರದು.

ಅಪ್ಪ


ಏಪ್ರಿಲ್ 27

ಅಪ್ಪ,

ನಿಮ್ಮ ಹಾಳೆ ನನ್ನ ಬ್ಯಾಗಿನಲ್ಲಿ ಎರಡು ವಾರ ಇತ್ತು. ಆ ಖಾಲಿ ಮೂಲೆಯನ್ನು ನೋಡಿದಾಗಲೆಲ್ಲ ಮುಖ ಬಿಸಿಯಾಗುತ್ತಿತ್ತು. ನನ್ನಂಥ ಮಗಳಿಗೆ ಅನುಕೂಲವಾಗಲೆಂದು ಆ ಜಾಗ ಬಿಟ್ಟಿದ್ದೀರಿ.

ನಿನ್ನೆ ಚಹಾದ ಹೊತ್ತಿಗೆ ಹೆಡ್ ಸಿಸ್ಟರ್ ಮುಂದೆ ಅದನ್ನು ಬಿಡಿಸಿಟ್ಟೆ. ಅವರು ಕನ್ನಡಕ ಏರಿಸಿಕೊಂಡು, ಬೆರಳಿನಿಂದ ದಾರಿ ಹಿಡಿದು, ಬಾಗಿಲಿನಿಂದ ಕಟ್ಟೆಯವರೆಗೆ ಹೋದರು. "ಕೂರೋಕೆ ಜಾಗಾನೂ ಮಾಡಿದಾನಲ್ಲೇ! ಯಾರೇ ಈ ಬುದ್ಧಿವಂತ? ಇವನು ಮೊದಲೇ ಹುಟ್ಟಿ ಬರಬಾರದಿತ್ತಾ?"

"ನಮ್ಮಪ್ಪ" ಎಂದೆ.

"ಇಂಜಿನಿಯರಾ? ಹೇಳೇ ಇಲ್ಲ ನೀನು."

"ಇಳಿಜಾರಪ್ಪ" ಎಂದೆ. "ಅವತ್ತು ಬೆಂಚಿನ ಮೇಲೆ ಕೂತಿದ್ದವರು."

ಯಾರೂ ನಗಲಿಲ್ಲ. ಒಬ್ಬಳು ಲೋಟ ಹಿಡಿದುಕೊಂಡು ಹೊರಗೆ ಹೋದಳು. ಹೆಡ್ ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಒರೆಸಿದರು. "ಮೂರು ವರ್ಷ ನಮ್ಮ ಬಾಯಲ್ಲಿ ನಿಮ್ಮಪ್ಪನ್ನ ಬೈಸ್ಕೊಂಡು ಬಿಸ್ಕತ್ತು ತಿಂದ್ಯಲ್ಲೇ" ಎಂದರು. ಅವರು ಹಾಗೆ ಹೇಳಿದ ಮೇಲೆ ನನಗೆ ಸುಧಾರಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು. ಅವರಿಗೂ ನಾಚಿಕೆಯಾಗಿದೆ, ಆದರೆ ಅದು ಸಿಟ್ಟಾಗಿ ಹೊರಬರುತ್ತಿದೆ. ಸಂಜೆಯವರೆಗೆ ನನ್ನೊಡನೆ ಕೆಲಸದ ಮಾತು ಮಾತ್ರ ಆಡಿದರು. ಹೋಗುವಾಗ ತಿರುಗಿ, "ಸಭೆ ಹದಿನೈದನೇ ತಾರೀಖು. ನಾನು ಕೇಳ್ತೀನಿ. ನಿಮ್ಮಪ್ಪಂಗೆ ಬರೋಕೆ ಹೇಳು. ಒಂದು ಬಾಗಿಲಿಟ್ಟು ಕೈ ತೊಳ್ಕೊಂಡ್ರೆ ಆಗಲ್ಲ. ಅವರ ಎದುರು ನಿಂತು ನಾನು ಹೇಳೋದಿದೆ" ಎಂದರು.

ಅವರು ನಿಮ್ಮನ್ನು ಬೈಯುತ್ತಾರೆ, ಅಪ್ಪ. ಮೆತ್ತಗೆ ಬೈಯುವವರಲ್ಲ. ಟವೆಲಿನ ಕಥೆ ಹೇಳುತ್ತಾರೆ, ಓಡಿಹೋದ ಬಾಣಂತಿಯರ ಕಥೆ ಹೇಳುತ್ತಾರೆ, ನಿಮಗೆ ಕೇಳಿಸದಿದ್ದರೆ ಇನ್ನೂ ಜೋರಾಗಿ ಹೇಳುತ್ತಾರೆ. ನಾನು ನಿಮ್ಮ ಪಕ್ಕದಲ್ಲೇ ನಿಂತಿರುತ್ತೇನೆ. ನನಗೆ ಬರಬೇಕಾದ ಬೈಗುಳವೂ ಅದರಲ್ಲಿ ಇರುತ್ತದೆ.

ಇವತ್ತು ಮೇಲಿನ ವಾರ್ಡಿನಲ್ಲಿ ಒಬ್ಬ ಮುದುಕಿ ತೀರಿಕೊಂಡರು. ಗಾಡಿಯ ಹಿಂದೆ ಅವರ ಮಗಳು ಬರುತ್ತಿದ್ದಳು. ಹೇಳುವ ಪಾಳಿ ನನ್ನದು. ಬಾಯಿ ತೆರೆದೆ, ಆ ಮಾತು ಬರಲಿಲ್ಲ. ಅವಳು ಹಜಾರದ ಉದ್ದಕ್ಕೂ ಜೋರಾಗಿಯೇ ಅಳುತ್ತಾ ಹೋದಳು. ಒಳಗಿದ್ದ ಹೆಂಗಸರಿಗೆಲ್ಲ ಕೇಳಿಸಿತು. ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಆ ಬಾಗಿಲು ಬೇಗ ಆಗಬೇಕು.

ಹದಿನೈದಕ್ಕೆ ಬೆಳಗಿನ ಬಸ್ಸಿಗೆ ಬನ್ನಿ. ಮುಂದಿನ ಗೇಟಿನಲ್ಲೇ ಬನ್ನಿ. ನಾನು ಅಲ್ಲಿ ಕಾಯುತ್ತಿರುತ್ತೇನೆ. ಒಂದು ವೇಳೆ ಹೆರಿಗೆ ನಡೆಯುತ್ತಿದ್ದು ನನಗೆ ಹೊರಬರಲು ಆಗದಿದ್ದರೆ ಕಾವಲುಗಾರ ನಿಮ್ಮನ್ನು ತಡೆದು, ಯಾರನ್ನು ನೋಡಬೇಕೆಂದು ಕೇಳುತ್ತಾನೆ. ಹೆರಿಗೆ ವಾರ್ಡಿನ ಸಿಸ್ಟರು ನನ್ನ ಮಗಳು ಎನ್ನಿ. ಅವನಿಗೆ ನಾನು ಹೇಳಿಟ್ಟಿದ್ದೇನೆ.

ನಿಮ್ಮ ಮಗಳು